ಹವಳದ ದ್ವೀಪದಲ್ಲಿ ನೀರು, ನೆಲ ಮತ್ತು ವಸತಿಯ ಯೋಜನೆ: ಲಕ್ಷದ್ವೀಪದಿಂದ ಕಲಿಯಬೇಕಾದ ಪಾಠ



ನಿಮ್ಮ ಬಾವಿ ಬತ್ತಿದರೆ ಪಕ್ಕದ ಹೊಲದ ಬಾವಿಯಿಂದ ನೀರು ತರಬಹುದು. ಆ ಊರಿನ ಕೆರೆ ಒಣಗಿದರೆ ಮುಂದಿನ ಊರಿನಿಂದ ಟ್ಯಾಂಕರಿನಲ್ಲಿ ತರಿಸಬಹುದು. ಆದರೆ ಸುತ್ತಲೂ ಇನ್ನೂರು ಕಿಲೋಮೀಟರಿಗಿಂತ ಹೆಚ್ಚು ದೂರ ಉಪ್ಪು ನೀರೇ ಇದ್ದು, ನಡುವೆ ಒಂದು ತುಂಡು ಮರಳು ನೆಲದ ಮೇಲೆ ಸಾವಿರಾರು ಜನ ಬಾಳಬೇಕಾದರೆ ಏನು ಮಾಡಬೇಕು? ಅಲ್ಲಿ ಒಂದು ಬಾವಿ ಕೆಟ್ಟರೆ ಬದಲಿ ಬಾವಿ ಇಲ್ಲ. ಒಂದು ಗುಂಟೆ ನೆಲ ಸಮುದ್ರ ಪಾಲಾದರೆ ಬದಲಿ ನೆಲ ಇಲ್ಲ. ಇಂಥ ಸ್ಥಳದಲ್ಲಿ ಮನುಷ್ಯ ಹೇಗೆ ನೆಲೆ ನಿಲ್ಲಬಹುದು, ಎಷ್ಟು ಜನ ನಿಲ್ಲಬಹುದು, ಯಾವುದನ್ನು ಕಾಪಾಡಿದರೆ ಎಲ್ಲವೂ ಉಳಿಯುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಇದಕ್ಕೆ ಉದಾಹರಣೆಯಾಗಿ ಅರಬ್ಬೀ ಸಮುದ್ರದ ಲಕ್ಷದ್ವೀಪವನ್ನು ತೆಗೆದುಕೊಳ್ಳೋಣ.

ಲಕ್ಷದ್ವೀಪ ನಮಗೆ ಅಪರಿಚಿತವಾದ ನಾಡಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರಾ ಎಂಬ ಅಮಿನ್‌ದಿವಿ ದ್ವೀಪಗಳು 18ನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪು ಸುಲ್ತಾನನ ಆಡಳಿತಕ್ಕೆ ಒಳಪಟ್ಟಿದ್ದವು. 1799ರ ನಂತರ ಇಂಗ್ಲಿಷ್ ಕಂಪನಿಯ ಕೈಸೇರಿ, 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ದ್ವೀಪದ ಜನ ತೆಂಗಿನ ನಾರಿನ ಹುರಿ ಮತ್ತು ಕೊಬ್ಬರಿಯನ್ನು ಹಾಯಿ ಹಡಗಿನಲ್ಲಿ ಮಂಗಳೂರಿಗೆ ತಂದು ಅಕ್ಕಿ ಒಯ್ಯುತ್ತಿದ್ದರು. 1956ರ ನವೆಂಬರ್ 1ರಂದು ಎಲ್ಲ ದ್ವೀಪಗಳೂ ಸೇರಿ ಕೇಂದ್ರಾಡಳಿತ ಪ್ರದೇಶವಾದವು. 1973ರಲ್ಲಿ ಲಕ್ಷದ್ವೀಪ ಎಂಬ ಹೆಸರು ಬಂದಿತು. ಇಂದಿಗೂ ಮಂಗಳೂರಿನ ಹಳೆ ಬಂದರಿನಿಂದ ಈ ದ್ವೀಪಗಳಿಗೆ ಸಾಮಾನು ಹೋಗುತ್ತದೆ.

ನೆಲ ಎಷ್ಟು, ಜನ ಎಷ್ಟು?

ಎಲ್ಲ ದ್ವೀಪಗಳನ್ನೂ ಕೂಡಿಸಿದರೆ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರು, ಅಂದರೆ ಹತ್ತಿರ ಹತ್ತಿರ 7,900 ಎಕರೆ. ಇದು ನಮ್ಮ ಕೆಲವು ದೊಡ್ಡ ಹಳ್ಳಿಗಳ ವಿಸ್ತೀರ್ಣವನ್ನು ಕೂಡಿಸಿದಷ್ಟೇ. ಜನವಸತಿ ಇರುವ ಮುಖ್ಯ ದ್ವೀಪಗಳು ಹತ್ತು. 2011ರ ಜನಗಣತಿಯಂತೆ ಒಟ್ಟು ಜನಸಂಖ್ಯೆ 64,473. ಒಂದು ಚದರ ಕಿಲೋಮೀಟರಿಗೆ ಎರಡು ಸಾವಿರಕ್ಕೂ ಹೆಚ್ಚು ಜನ. ಅದೇ ಗಣತಿಯಲ್ಲಿ ಕರ್ನಾಟಕದ ಜನಸಾಂದ್ರತೆ 319 ಇತ್ತು ಎಂಬುದನ್ನು ಹೋಲಿಸಿ ನೋಡಿರಿ. ಅತಿ ದೊಡ್ಡ ದ್ವೀಪವಾದ ಆಂದ್ರೋತ್ ಐದು ಚದರ ಕಿಲೋಮೀಟರಿಗಿಂತ ಕಡಿಮೆ. ಬಿತ್ರಾ ದ್ವೀಪವಂತೂ ಸುಮಾರು 26 ಎಕರೆ ಮಾತ್ರ. ನೆಲದ ಎತ್ತರ ಹೆಚ್ಚಿನ ಕಡೆ ಸಮುದ್ರ ಮಟ್ಟದಿಂದ ಒಂದೆರಡು ಮೀಟರು ಅಷ್ಟೆ. ಇಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ, ಹಳ್ಳವೂ ಇಲ್ಲ.

ಈ ನೆಲ ಎಲ್ಲಿಂದ ಬಂತು?

ಹವಳ ಎಂದರೆ ಕಲ್ಲಲ್ಲ. ಅದು ಬೆಚ್ಚಗಿನ, ತಿಳಿಯಾದ, ಆಳವಿಲ್ಲದ ಸಮುದ್ರದಲ್ಲಿ ಬೆಳೆಯುವ ಅತಿ ಚಿಕ್ಕ ಜೀವಿ. ಈ ಜೀವಿಗಳು ನೀರಿನಲ್ಲಿರುವ ಸುಣ್ಣವನ್ನು ಹೀರಿ ತಮ್ಮ ಸುತ್ತ ಗೂಡು ಕಟ್ಟಿಕೊಳ್ಳುತ್ತವೆ. ಸಾವಿರಾರು ವರ್ಷ ಒಂದರ ಮೇಲೊಂದು ಗೂಡು ಕಟ್ಟಿ ಸಮುದ್ರದೊಳಗೆ ಉಂಗುರದಂಥ ದಂಡೆ ಏಳುತ್ತದೆ. ಸಮುದ್ರದೊಳಗಿನ ಹಳೆಯ ಬೆಟ್ಟ ಮೆಲ್ಲಗೆ ಕುಸಿಯುತ್ತಿದ್ದಂತೆ ಹವಳ ಮೇಲಕ್ಕೆ ಬೆಳೆಯುತ್ತ ಹೋಗಿ ಇಂಥ ಉಂಗುರ ಉಂಟಾಗುತ್ತದೆ ಎಂದು 1842ರಲ್ಲಿಯೇ ಚಾರ್ಲ್ಸ್ ಡಾರ್ವಿನ್ ವಿವರಿಸಿದ್ದನು. ಉಂಗುರದ ಒಳಗಿನ ಆಳವಿಲ್ಲದ ಶಾಂತ ನೀರಿಗೆ ಲಗೂನ್ ಎನ್ನುತ್ತಾರೆ. ಅಲೆಗಳು ದಂಡೆಯ ಹವಳವನ್ನು ಮುರಿದು ಪುಡಿ ಮಾಡಿ ಒಂದೆಡೆ ಗುಡ್ಡೆ ಹಾಕಿದಾಗ ದ್ವೀಪವಾಗುತ್ತದೆ.

ಇದರಿಂದ ಒಂದು ಮುಖ್ಯ ಸಂಗತಿ ತಿಳಿಯುತ್ತದೆ. ದ್ವೀಪದ ಮರಳೆಲ್ಲವೂ ಹವಳ ದಂಡೆಯ ಉತ್ಪತ್ತಿ. ದಂಡೆ ಜೀವಂತವಾಗಿದ್ದರೆ ಹೊಸ ಮರಳು ಬರುತ್ತಿರುತ್ತದೆ, ಅಲೆಯ ಹೊಡೆತವೂ ದಂಡೆಯ ಮೇಲೆಯೇ ಮುರಿಯುತ್ತದೆ. ದಂಡೆ ಸತ್ತರೆ ಎರಡೂ ನಿಲ್ಲುತ್ತವೆ. ಹೊಲಕ್ಕೆ ಬದು ಹೇಗೋ ದ್ವೀಪಕ್ಕೆ ಹವಳದ ದಂಡೆ ಹಾಗೆ. ಒಂದು ವ್ಯತ್ಯಾಸವೆಂದರೆ, ಒಡೆದ ಬದುವನ್ನು ನಾವು ಒಂದು ಬೇಸಿಗೆಯಲ್ಲಿ ಕಟ್ಟಬಹುದು. ಸತ್ತ ದಂಡೆ ಮತ್ತೆ ಬೆಳೆಯಲು ಹತ್ತಾರು ವರ್ಷ ಬೇಕು.

ಸಿಹಿನೀರಿನ ತೇಲುವ ಮಸೂರ

ಸುತ್ತ ಉಪ್ಪು ನೀರಿದ್ದರೂ ದ್ವೀಪದ ಬಾವಿಗಳಲ್ಲಿ ಸಿಹಿನೀರು ಸಿಗುತ್ತದೆ. ಇದು ಹೇಗೆ ಸಾಧ್ಯ? ಮಳೆಯ ನೀರು ಮರಳಿನಲ್ಲಿ ನೇರವಾಗಿ ಇಳಿಯುತ್ತದೆ. ಕೆಳಗೆ ಮರಳಿನ ಸಂದುಗಳಲ್ಲಿ ಆಗಲೇ ಸಮುದ್ರದ ನೀರು ತುಂಬಿರುತ್ತದೆ. ಸಿಹಿನೀರು ಉಪ್ಪು ನೀರಿಗಿಂತ ಹಗುರ. ಆದ್ದರಿಂದ ಅದು ಬೆರೆಯದೆ, ಎಣ್ಣೆ ನೀರಿನ ಮೇಲೆ ತೇಲುವಂತೆ ತೇಲಿ ನಿಲ್ಲುತ್ತದೆ. ದ್ವೀಪದ ನಡುವೆ ದಪ್ಪವಾಗಿ, ಅಂಚಿನಲ್ಲಿ ತೆಳ್ಳಗಾಗಿ ಕನ್ನಡಕದ ಮಸೂರದ ಆಕಾರ ಪಡೆಯುತ್ತದೆ.

ಈ ಮಸೂರದ ಲೆಕ್ಕವನ್ನು ಗೈಬೆನ್ ಮತ್ತು ಹರ್ಜ್‌ಬರ್ಗ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ಕಂಡುಹಿಡಿದರು. ಸಿಹಿನೀರಿನ ಸಾಂದ್ರತೆ 1.000, ಸಮುದ್ರದ ನೀರಿನದು ಸುಮಾರು 1.025. ಆದುದರಿಂದ ಸಿಹಿನೀರಿನ ಮಟ್ಟ ಸಮುದ್ರ ಮಟ್ಟಕ್ಕಿಂತ 1 ಅಡಿ ಮೇಲಿದ್ದರೆ, ಸಮುದ್ರ ಮಟ್ಟದ ಕೆಳಗೆ ಸುಮಾರು 40 ಅಡಿವರೆಗೆ ಸಿಹಿನೀರು ಇರಬಹುದು. ಸಣ್ಣ ದ್ವೀಪದಲ್ಲಿ ಈ ಮಟ್ಟ ಕೆಲವೇ ಸೆಂಟಿಮೀಟರು ಮೇಲಿರುತ್ತದೆ. 10 ಸೆಂಟಿಮೀಟರು ಇದೆಯೆಂದು ಇಟ್ಟುಕೊಳ್ಳಿ. ಆಗ ಕೆಳಗಿನ ಸಿಹಿನೀರಿನ ದಪ್ಪ 4 ಮೀಟರು.

ಈಗ ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಪಂಪು ಹಾಕಿ ನೀರಿನ ಮಟ್ಟವನ್ನು 1 ಸೆಂಟಿಮೀಟರು ಇಳಿಸಿದರೆ, ಕೆಳಗಿನಿಂದ ಉಪ್ಪು ನೀರು 40 ಸೆಂಟಿಮೀಟರು ಮೇಲೆ ಬರುತ್ತದೆ. ಮೇಲೆ ನಷ್ಟ ಒಂದು, ಕೆಳಗೆ ನಷ್ಟ ನಲವತ್ತು. ಒಂದೇ ಕಡೆ ಜೋರಾಗಿ ಪಂಪು ಮಾಡಿದರೆ ಉಪ್ಪು ನೀರು ಆ ಬಾವಿಯ ಕೆಳಗೆ ಹುತ್ತದಂತೆ ಏಳುತ್ತದೆ. ಬೇರೆ ಕಡೆ ಸಿಹಿನೀರಿದ್ದರೂ ಆ ಬಾವಿ ಸವಳಾಗುತ್ತದೆ. ಹೀಗೆ ಕೆಟ್ಟ ಬಾವಿಯನ್ನು ಇನ್ನಷ್ಟು ಆಳ ತೋಡಿದರೆ ಸಿಹಿನೀರು ಸಿಗುವುದಿಲ್ಲ. ಉಪ್ಪು ನೀರೇ ಬೇಗ ಸಿಗುತ್ತದೆ.

ಆದ್ದರಿಂದ ಇಂಥ ನೆಲದಲ್ಲಿ ಆಳದ ಕೊಳವೆ ಬಾವಿ ಸಲ್ಲದು. ಆಳವಿಲ್ಲದ, ಅಗಲವಾದ ಬಾವಿಗಳಿಂದ, ಹಲವು ಕಡೆ ಹಂಚಿ, ಸ್ವಲ್ಪ ಸ್ವಲ್ಪವೇ ನೀರೆತ್ತಬೇಕು. ಹಗ್ಗ ಮತ್ತು ಕೊಡದಿಂದ ಸೇದುವಾಗ ಮಸೂರಕ್ಕೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತಿತ್ತು. ಮನೆ ಮನೆಗೆ ಪಂಪು ಬಂದ ಮೇಲೆ ಆ ಸಮಯ ಸಿಗುತ್ತಿಲ್ಲ.

ಇನ್ನೊಂದು ಅಪಾಯವೂ ಉಂಟು. ಮಳೆಯ ನೀರು ಬೇಗ ಇಳಿಯುವ ಮರಳಿನಲ್ಲಿ ಪಾಯಿಖಾನೆಯ ಗುಂಡಿಯ ಕೊಳೆಯೂ ಅಷ್ಟೇ ಬೇಗ ಇಳಿಯುತ್ತದೆ. ಚಿಕ್ಕ ನಿವೇಶನದಲ್ಲಿ ಬಾವಿಯೂ ಗುಂಡಿಯೂ ಅಕ್ಕಪಕ್ಕ ಬಂದರೆ ಕುಡಿಯುವ ನೀರಿನಲ್ಲಿ ರೋಗಾಣು ಸೇರುವುದು ಖಂಡಿತ. ತಳವಿಲ್ಲದ ಗುಂಡಿಗಳ ಬದಲು ಸೋರದಂತೆ ಕಟ್ಟಿದ ಜೈವಿಕ ಶೌಚಾಲಯಗಳು ಇಂಥ ನೆಲಕ್ಕೆ ಅತ್ಯಗತ್ಯ.

ಮಳೆನೀರಿನ ಲೆಕ್ಕ

ಅಮಿನಿಯಲ್ಲಿ ವರ್ಷಕ್ಕೆ ಸುಮಾರು 1,500 ಮಿಲಿಮೀಟರು, ಮಿನಿಕಾಯ್‌ನಲ್ಲಿ ಸುಮಾರು 1,600 ಮಿಲಿಮೀಟರು ಮಳೆ ಬೀಳುತ್ತದೆ. ಮಂಗಳೂರಿನ ಮಳೆಯ ಅರ್ಧಕ್ಕಿಂತಲೂ ಇದು ಕಡಿಮೆ. ಆದರೂ ಲೆಕ್ಕ ಹಾಕಿದರೆ ಧೈರ್ಯ ಬರುತ್ತದೆ. 40 ಚದರ ಮೀಟರಿನ ಒಂದು ಸಣ್ಣ ಮನೆಯ ಛಾವಣಿಯ ಮೇಲೆ 1,500 ಮಿಲಿಮೀಟರು ಮಳೆ ಬಿದ್ದರೆ 60,000 ಲೀಟರು. ಇದರಲ್ಲಿ ಐದರಲ್ಲೊಂದು ಪಾಲು ಪೋಲಾದರೂ 48,000 ಲೀಟರು ಉಳಿಯಿತು. ಐದು ಜನರ ಸಂಸಾರಕ್ಕೆ ಕುಡಿಯಲು ಮತ್ತು ಅಡಿಗೆಗೆ ತಲೆಗೆ 10 ಲೀಟರಿನಂತೆ ದಿನಕ್ಕೆ 50 ಲೀಟರು ಬೇಕು. ಆರು ತಿಂಗಳ ಒಣ ಕಾಲಕ್ಕೆ 9,000 ಲೀಟರು ಸಾಕು. 2.5 ಮೀಟರು ಉದ್ದ, 2 ಮೀಟರು ಅಗಲ, 2 ಮೀಟರು ಆಳದ ತೊಟ್ಟಿಯಲ್ಲಿ 10,000 ಲೀಟರು ಹಿಡಿಯುತ್ತದೆ. ಅಂದರೆ ಒಂದು ಮನೆ ತನ್ನ ಬಾಯಾರಿಕೆಯನ್ನು ತನ್ನ ಛಾವಣಿಯಿಂದಲೇ ತೀರಿಸಿಕೊಳ್ಳಬಲ್ಲದು.

ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರಗಳೂ ಬಂದಿವೆ. ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ 1 ಲಕ್ಷ ಲೀಟರಿನ ಸ್ಥಾವರ ಸ್ಥಾಪಿಸಿತು. ಮೇಲಿನ ಬೆಚ್ಚಗಿನ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದಿಂದ ತಂದ ತಣ್ಣೀರಿನಿಂದ ಆ ಆವಿಯನ್ನು ನೀರಾಗಿಸುವುದು ಇದರ ಕ್ರಮ. 2011ರಲ್ಲಿ ಮಿನಿಕಾಯ್ ಮತ್ತು ಅಗತ್ತಿಯಲ್ಲಿಯೂ ಇವು ಬಂದವು. ಇದು ಬಹಳ ಉಪಯುಕ್ತ ಕೆಲಸ. ಆದರೆ ಕವರತ್ತಿಯ ಜನಸಂಖ್ಯೆ 2011ರಲ್ಲಿ 11,221. ತಲೆಗೆ ದಿನಕ್ಕೆ 9 ಲೀಟರಿನಷ್ಟಾಯಿತು. ಇದು ಕುಡಿಯಲು ಸಾಕು. ಸ್ನಾನಕ್ಕೆ, ಬಟ್ಟೆಗೆ, ತೋಟಕ್ಕೆ ಸಾಲದು. ಅದಕ್ಕೆಲ್ಲ ನೆಲದೊಳಗಿನ ಮಸೂರವೇ ಗತಿ. ಯಂತ್ರ ಬಂತೆಂದು ಬಾವಿಯನ್ನು ಮರೆಯುವಂತಿಲ್ಲ.

ಮಣ್ಣು, ತೆಂಗು ಮತ್ತು ತೋಟ್ಟಂ

ಹವಳದ ಮರಳು ಬಹುಪಾಲು ಸುಣ್ಣವೇ. ರಸಸಾರ 8ಕ್ಕಿಂತ ಹೆಚ್ಚು. ನೀರು ಹಿಡಿಯುವ ಶಕ್ತಿ ಕಡಿಮೆ. ಸಾರಜನಕ ಮತ್ತು ಪೊಟ್ಯಾಷ್ ಕೊರತೆ ಹೆಚ್ಚು. ಕಬ್ಬಿಣ, ಮ್ಯಾಂಗನೀಸ್, ಸತುವು ಇದ್ದರೂ ಸುಣ್ಣದ ದೆಸೆಯಿಂದ ಗಿಡಕ್ಕೆ ದಕ್ಕುವುದಿಲ್ಲ. ಎಲೆ ಹಳದಿಯಾಗುವುದು ಅದರ ಚಿಹ್ನೆ. ಇಂಥ ನೆಲದಲ್ಲಿ ಹಾಕಿದ ರಾಸಾಯನಿಕ ಗೊಬ್ಬರ ಮಳೆಗೆ ಕರಗಿ ನೇರವಾಗಿ ಕುಡಿಯುವ ನೀರಿನ ಮಸೂರಕ್ಕೂ, ಅಲ್ಲಿಂದ ಲಗೂನಿಗೂ ಸೇರುತ್ತದೆ. ಆದ್ದರಿಂದ ಇಲ್ಲಿ ಸಾವಯವ ಬೇಸಾಯವೆಂಬುದು ಕುಡಿಯುವ ನೀರಿನ ಪ್ರಶ್ನೆ. 2020ರಲ್ಲಿ ಇಡೀ ಲಕ್ಷದ್ವೀಪವನ್ನು ಸಾವಯವ ಪ್ರದೇಶವೆಂದು ಘೋಷಿಸಲಾಯಿತು. ತೆಂಗಿನ ಸಿಪ್ಪೆ, ಗರಿ, ಬೂದಿ, ಮೀನಿನ ತ್ಯಾಜ್ಯ, ಕಾಂಪೋಸ್ಟ್ ಇವು ಇಲ್ಲಿನ ಗೊಬ್ಬರ. ಸಿಪ್ಪೆಯಲ್ಲಿ ಪೊಟ್ಯಾಷ್ ಹೇರಳ. ಅದನ್ನು ಬುಡದ ಸುತ್ತ ಹೂತರೆ ನೀರನ್ನೂ ಹಿಡಿದಿಡುತ್ತದೆ.

ಹಿಂದಿನವರ ಒಂದು ಜಾಣ್ಮೆಯನ್ನು ಇಲ್ಲಿ ಹೇಳಲೇಬೇಕು. ಕೆಲವು ದ್ವೀಪಗಳ ನಡುಭಾಗದಲ್ಲಿ ಮೇಲಿನ ಮರಳನ್ನು ತೋಡಿ ತೆಗೆದು, ನೆಲವನ್ನು ನೀರಿನ ಮಟ್ಟದ ಹತ್ತಿರಕ್ಕೆ ತಗ್ಗಿಸಿದ್ದಾರೆ. ಇದಕ್ಕೆ ತೋಟ್ಟಂ ಎಂದು ಹೆಸರು. ಬೇರಿಗೆ ಕೆಳಗಿನಿಂದಲೇ ತೇವ ಸಿಗುವುದರಿಂದ ನೀರು ಎತ್ತದೆಯೇ ಕೆಸು, ಬಾಳೆ ಮುಂತಾದವನ್ನು ಬೆಳೆಯಬಹುದು. ನೀರನ್ನು ಗಿಡಕ್ಕೆ ಏರಿಸುವ ಬದಲು ಗಿಡವನ್ನೇ ನೀರಿನ ಬಳಿ ಇಳಿಸುವ ವಿಧಾನವಿದು.

ಲಕ್ಷದ್ವೀಪದ ಎತ್ತರ ತಳಿಯ ತೆಂಗು ನಮಗೂ ಬೇಕಾದದ್ದೇ. ಕೇಂದ್ರ ತೋಟಪಟ್ಟಿ ಬೆಳೆಗಳ ಸಂಶೋಧನಾ ಸಂಸ್ಥೆಯು ಲಕ್ಷದ್ವೀಪ ಸಾಧಾರಣ ತಳಿಯಿಂದ ಆಯ್ದು 1985ರಲ್ಲಿ ಬಿಡುಗಡೆ ಮಾಡಿದ 'ಚಂದ್ರಕಲ್ಪ'ದ ಕೊಬ್ಬರಿಯಲ್ಲಿ ಶೇಕಡಾ 70ರಷ್ಟು ಎಣ್ಣೆ ಇದೆ. ಬರ ತಡೆಯುವ ಗುಣವೂ ಇದೆ. ಈ ತಳಿಯನ್ನು ನೆಟ್ಟಿರುವ ರೈತರು ನಮ್ಮಲ್ಲಿಯೂ ಇದ್ದಾರೆ. ಬಡ ಮರಳಿನಲ್ಲಿ ಶತಮಾನಗಳ ಕಾಲ ಬದುಕಿದ ಮರದ ಸಂತತಿ ಅದು.

ಆದರೆ ದ್ವೀಪಗಳಲ್ಲಿ ಮರಗಳು ಬಹಳ ಒತ್ತಾಗಿವೆ. 7.5 ಮೀಟರು ಅಂತರವಿಟ್ಟರೆ ಹೆಕ್ಟೇರಿಗೆ ಸುಮಾರು 175 ಮರ ಹಿಡಿಯುತ್ತವೆ. ಅಲ್ಲಿ ಬಿದ್ದ ಕಾಯಿ ಬಿದ್ದಲ್ಲೇ ಮೊಳೆತು ಮರವಾಗುವುದರಿಂದ ಸಂಖ್ಯೆ ಇದಕ್ಕಿಂತ ಬಹಳ ಹೆಚ್ಚು. ಗರಿಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಇದರ ಲಾಭ ಪಡೆದದ್ದು ಹಡಗಿನ ಜೊತೆ ಬಂದ ಇಲಿ. ಅದು ನೆಲಕ್ಕೆ ಇಳಿಯದೆ ಮರದಿಂದ ಮರಕ್ಕೆ ದಾಟಿ ಎಳೆಗಾಯಿ ಕೊರೆಯುತ್ತದೆ. ಕಾಂಡಕ್ಕೆ ತಗಡಿನ ಪಟ್ಟಿ ಸುತ್ತುವುದು ಒಳ್ಳೆಯ ಉಪಾಯ. ಆದರೆ ಗರಿಗಳು ತಾಗುವಲ್ಲಿ ಪಟ್ಟಿಯಿಂದ ಪ್ರಯೋಜನವಿಲ್ಲ. ಮೊದಲು ಮುದಿ ಮರಗಳನ್ನು ತೆಗೆದು ಅಂತರ ಸರಿಪಡಿಸಬೇಕು, ಮರದ ತಲೆ ಶುಚಿಗೊಳಿಸಬೇಕು, ನಂತರ ಪಟ್ಟಿ ಹಾಕಬೇಕು. ಊರಿನವರೆಲ್ಲ ಒಂದೇ ಕಾಲದಲ್ಲಿ ಮಾಡಿದರೆ ಮಾತ್ರ ಫಲ ಕಾಣುತ್ತದೆ.

ಹವಳ ಸತ್ತರೆ ಏನಾಗುತ್ತದೆ?

ಹವಳದ ಜೀವಿಯ ಒಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೆ ಕೊಡುವುದು ಇದೇ ಪಾಚಿ. ಸಮುದ್ರದ ನೀರು ಬೇಸಿಗೆಯ ಸಾಮಾನ್ಯ ಮಟ್ಟಕ್ಕಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ಹಲವು ವಾರ ಹಾಗೆಯೇ ಇದ್ದರೆ ಪಾಚಿ ಹೊರಬೀಳುತ್ತದೆ. ಹವಳ ಬಿಳಿಚಿಕೊಂಡು ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ಮೈಸೂರಿನಲ್ಲಿ ಕೇಂದ್ರವುಳ್ಳ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು 1998ರಿಂದ ಇಲ್ಲಿನ ದಂಡೆಗಳನ್ನು ಅಳೆಯುತ್ತ ಬಂದಿದ್ದಾರೆ. ಸುಮಾರು ಕಾಲು ಶತಮಾನದಲ್ಲಿ ಜೀವಂತ ಹವಳದ ಹೊದಿಕೆ ಅರ್ಧದಷ್ಟು ಇಳಿದಿದೆ ಎಂದು ಅವರ ಅಧ್ಯಯನ ತೋರಿಸಿದೆ. ಒಂದು ಹೊಡೆತದಿಂದ ಸುಧಾರಿಸಿಕೊಳ್ಳುವ ಮೊದಲೇ ಇನ್ನೊಂದು ಹೊಡೆತ ಬೀಳುತ್ತಿದೆ.

ನೀರು ಬಿಸಿಯಾಗುವುದನ್ನು ದ್ವೀಪದ ಜನ ತಡೆಯಲಾರರು. ಆದರೆ ಕೊಳೆ ನೀರು ಲಗೂನಿಗೆ ಬಿಡದಿರುವುದು, ಹೂಳೆತ್ತುವ ಕೆಲಸ ಮಿತಿಗೊಳಿಸುವುದು, ಪಾಚಿ ಮೇಯುವ ಮೀನುಗಳನ್ನು ಉಳಿಸುವುದು ಅವರ ಕೈಯಲ್ಲಿದೆ. ಇವನ್ನು ಪಾಲಿಸಿದರೆ ಹವಳ ಚೇತರಿಸಿಕೊಳ್ಳಲು ಅವಕಾಶ ಸಿಗುತ್ತದೆ. ಅಲ್ಲಿನ ಜನರ ಮುಖ್ಯ ಜೀವನೋಪಾಯವಾದ ಸೂರೆ ಮೀನುಗಾರಿಕೆಯೂ ಇದನ್ನೇ ಅವಲಂಬಿಸಿದೆ. ಗಾಳದ ಕೋಲಿನಿಂದ ಒಂದೊಂದೇ ಮೀನು ಹಿಡಿಯುವ ಈ ಪದ್ಧತಿಗೆ ಜೀವಂತ ಎರೆ ಮೀನು ಬೇಕು. ಆ ಎರೆ ಮೀನು ಸಿಗುವುದು ಲಗೂನಿನ ಹವಳದ ನಡುವೆ.

ಸಮುದ್ರದ ಕೋಪವನ್ನೂ ಮರೆಯಬಾರದು. 1847ರ ಏಪ್ರಿಲಿನ ಬಿರುಗಾಳಿ ಕಲ್ಪೇನಿ ಮತ್ತು ಆಂದ್ರೋತ್ ದ್ವೀಪಗಳನ್ನು ಹಾಳುಗೆಡವಿತು. ಅನೇಕರು ಮುಳುಗಿ ಸತ್ತರು, ತೆಂಗಿನ ತೋಟಗಳು ನಾಶವಾದವು. ಕಲ್ಪೇನಿಯ ತೀರದಲ್ಲಿ ಆಗ ಬಂದು ಬಿದ್ದ ಹವಳದ ಬಂಡೆಗಳ ಸಾಲು ಇಂದಿಗೂ ಇದೆ. 2017ರ ಓಖಿ, 2021ರ ತೌಕ್ತೆ ಚಂಡಮಾರುತಗಳೂ ಹಾನಿ ಮಾಡಿದವು. ಬಂಗಾರಂ ಬಳಿಯ ಪರಳಿ ಎಂಬ ನಿರ್ಜನ ಕಿರುದ್ವೀಪಗಳಲ್ಲೊಂದು ಕೊರೆತದಿಂದ ಸಂಪೂರ್ಣ ಕರಗಿಹೋಗಿದೆ ಎಂದು 2017ರಲ್ಲಿ ವರದಿಯಾಯಿತು.

ವಸತಿ ಯೋಜನೆಯ ಕ್ರಮ

ಹಾಗಾದರೆ ಇಂಥ ದ್ವೀಪದಲ್ಲಿ ಯೋಜನೆ ಮಾಡುವವರು ಯಾವ ಕ್ರಮ ಅನುಸರಿಸಬೇಕು? ಕೆಳಗಿನ ಅಂಶಗಳನ್ನು ಈ ಅನುಕ್ರಮದಲ್ಲಿಯೇ ನೋಡುವುದು ಒಳ್ಳೆಯದು.

1. ಮೊದಲು ನೀರಿನ ಲೆಕ್ಕ. ಬೇಸಿಗೆಯ ಕೊನೆಯಲ್ಲಿ, ಅಂದರೆ ಮಸೂರ ಅತಿ ತೆಳುವಾಗಿರುವಾಗ, ಎಷ್ಟು ನೀರು ಎತ್ತಬಹುದು ಎಂಬುದರಿಂದ ಎಷ್ಟು ಜನ, ಎಷ್ಟು ಅತಿಥಿಗಳು ಎಂಬುದನ್ನು ನಿಶ್ಚಯಿಸಬೇಕು. ಮಳೆಗಾಲದ ನೀರು ನೋಡಿ ನಿಶ್ಚಯಿಸಬಾರದು.

2. ದ್ವೀಪದ ನಡುಭಾಗ ನೀರಿಗೆ ಮೀಸಲು. ಮಸೂರ ದಪ್ಪವಾಗಿರುವ ಕಡೆ ಕಟ್ಟಡ, ಕಾಂಕ್ರೀಟು ಅಂಗಳ, ಕೊಳೆಗುಂಡಿ ಬೇಡ. ಅಲ್ಲಿ ಮಳೆ ಇಂಗಬೇಕು.

3. ತೀರದ ಅಂಚು ಸಮುದ್ರಕ್ಕೆ ಮೀಸಲು. ತೀರದ ಪೊದೆ ಮತ್ತು ಬಳ್ಳಿಗಳನ್ನು ಕಡಿಯಬಾರದು. ಮರಳು ಹಿಡಿದಿರುವುದು ಅವೇ. ಕಾಂಕ್ರೀಟು ಗೋಡೆ ಕಟ್ಟಿದಲ್ಲಿ ಅಲೆಯ ಹೊಡೆತ ಗೋಡೆಯ ತುದಿಯಾಚೆಗಿನ ನೆಲಕ್ಕೆ ಬೀಳುತ್ತದೆ.

4. ಪ್ರತಿ ಹೊಸ ಮನೆಗೂ ಛಾವಣಿ ನೀರಿನ ತೊಟ್ಟಿ ಮತ್ತು ಸೋರದ ಶೌಚಾಲಯ ಕಡ್ಡಾಯ.

5. ಹವಳದ ಕಲ್ಲು, ತೀರದ ಮರಳು ಮುಟ್ಟಬಾರದು. ಹಿಂದೆ ಹವಳದ ಕಲ್ಲಿನಿಂದಲೇ ಮನೆ ಕಟ್ಟುತ್ತಿದ್ದರು. 2001ರಿಂದ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಈಗ ಮರಳು, ಜಲ್ಲಿ ಹಡಗಿನಲ್ಲಿ ಬರಬೇಕು. ಆದ್ದರಿಂದ ಹಗುರವಾದ ಚಿಕ್ಕ ಮನೆಯೇ ಜಾಣತನ.

6. ಕೆಲವು ಸ್ಥಳಗಳನ್ನು ಮುಟ್ಟದೆಯೇ ಬಿಡಬೇಕು. ಪಿಟ್ಟಿ ಎಂಬ ಮರವಿಲ್ಲದ ಪುಟ್ಟ ದ್ವೀಪ ಕಡಲಹಕ್ಕಿಗಳು ಮೊಟ್ಟೆಯಿಡುವ ತಾಣ. ಅದನ್ನು ಪಕ್ಷಿಧಾಮವೆಂದು ಬಿಟ್ಟಿರುವುದು ಸರಿಯಾದ ಕ್ರಮ.

7. ಬರುವ ಹಡಗಿನಲ್ಲಿ ಏನು ಬರುತ್ತದೆ, ಹೋಗುವ ಹಡಗಿನಲ್ಲಿ ಏನು ಹೋಗುತ್ತದೆ ಎಂಬ ಲೆಕ್ಕ ಬೇಕು. ಕೊಳೆಯದ ಪ್ಲಾಸ್ಟಿಕ್ ಬಂದರೆ ಅದು ಹಿಂದಿರುಗಲೇಬೇಕು. ಹೂಳಲು ಅಲ್ಲಿ ಜಾಗವಿಲ್ಲ.

8. ದ್ವೀಪದ ಜನರನ್ನು ಕೇಳಿಯೇ ಯೋಜನೆ ಮಾಡಬೇಕು.

ಈ ಕೊನೆಯ ಅಂಶ ಬರಿಯ ಮರ್ಯಾದೆಯ ಮಾತಲ್ಲ. 2011ರಲ್ಲಿ ಕೇಂದ್ರ ಸರಕಾರ ದ್ವೀಪ ಸಂರಕ್ಷಣಾ ವಲಯದ ಅಧಿಸೂಚನೆ ಹೊರಡಿಸಿತು. 2012ರಲ್ಲಿ ಸುಪ್ರೀಂ ಕೋರ್ಟು, ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ನೇಮಿಸಿತು. ಪ್ರತಿ ದ್ವೀಪಕ್ಕೂ ಸಮಗ್ರ ನಿರ್ವಹಣಾ ಯೋಜನೆ ಇರಬೇಕು, ಚುನಾಯಿತ ಪಂಚಾಯತಿಗಳೊಡನೆ ಸಮಾಲೋಚಿಸಿ ಕೆಲಸ ನಡೆಯಬೇಕು ಎಂಬುದು ಆ ಸಮಿತಿಯ ನಿಲುವು. 2021ರಲ್ಲಿ ಅಭಿವೃದ್ಧಿ ಪ್ರಾಧಿಕಾರದ ಹೊಸ ನಿಯಮದ ಕರಡು ಬಂದಾಗ, ತಮ್ಮ ನೆಲ ಕೈತಪ್ಪಬಹುದೆಂದು ದ್ವೀಪದಲ್ಲಿ ಬಲವಾದ ವಿರೋಧ ಎದ್ದಿತು. ಪ್ರವಾಸಿಗರು ಬಂದರೆ ಆದಾಯ ಬರುವುದು ನಿಜ. ತರುಣರಿಗೆ ಕೆಲಸ ಬೇಕೆನ್ನುವುದೂ ನಿಜ. ಆದರೆ ಒಬ್ಬ ಅತಿಥಿ ಸ್ನಾನ ಮಾಡುವ ನೀರು ಯಾವ ಬಾವಿಯಿಂದ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆಯೇ ಅತಿಥಿಗೃಹದ ಬುನಾದಿ ತೋಡಬೇಕು.

ನಮಗೆ ಇದರಿಂದ ಏನು?

ನಮ್ಮ ಕರಾವಳಿಯ ರೈತರಿಗೆ ಈ ಪಾಠ ನೇರವಾಗಿ ಅನ್ವಯಿಸುತ್ತದೆ. ಸಮುದ್ರದ ಮತ್ತು ಅಳಿವೆಯ ಬಳಿಯ ಮರಳು ನೆಲದಲ್ಲಿಯೂ ಸಿಹಿನೀರು ಉಪ್ಪು ನೀರಿನ ಮೇಲೆಯೇ ತೇಲುತ್ತದೆ, ಒಂದಕ್ಕೆ ನಲವತ್ತರ ಲೆಕ್ಕವೇ ನಡೆಯುತ್ತದೆ. ಮಾರ್ಚ್ ಏಪ್ರಿಲಿನಲ್ಲಿ ಬಾವಿಯ ನೀರು ತುಸು ಉಪ್ಪಾದರೆ ಆಳ ತೋಡಿಸಬೇಡಿ. ಪಂಪು ನಡೆಸುವ ಹೊತ್ತನ್ನು ಎರಡು ಮೂರು ಬಾರಿಗೆ ಹಂಚಿರಿ. ತೋಟಕ್ಕೆ ಹನಿ ನೀರಾವರಿ ಮಾಡಿರಿ. ಮಳೆಗಾಲದಲ್ಲಿ ಛಾವಣಿಯ ನೀರನ್ನು ಸೋಸಿ ಬಾವಿಗೆ ಇಂಗಿಸಿರಿ. ನದಿಯ ನಡುವಿನ ಕುದ್ರುಗಳಲ್ಲಿ ವಾಸಿಸುವವರು, ಸುತ್ತಲ ಮರಳು ತೆಗೆದರೆ ಕುದ್ರುವಿನ ಅಂಚು ಕುಸಿಯುವುದೆಂಬುದನ್ನು ನೆನಪಿಡಬೇಕು. ಆ ಮರಳೇ ಕುದ್ರುವಿನ ಬುನಾದಿ.

ಒಳನಾಡಿನ ರೈತರಿಗೂ ಒಂದು ಮಾತು. ನಮ್ಮ ಕೆಳಗೆ ಉಪ್ಪು ನೀರಿಲ್ಲದಿರಬಹುದು. ಆದರೆ ಕೊಳವೆ ಬಾವಿಯ ನೀರಿಗೆ ಮಿತಿ ಇಲ್ಲವೆಂದು ತಿಳಿದವರು ಎಷ್ಟು ಅಡಿ ಇಳಿದಿದ್ದಾರೆಂಬುದನ್ನು ನೀವೇ ಕಂಡಿದ್ದೀರಿ. ದ್ವೀಪದವರಿಗೆ ಮಿತಿ ಕಣ್ಣಿಗೆ ಕಾಣುತ್ತದೆ, ನಮಗೆ ಕಾಣುವುದಿಲ್ಲ. ಇರುವ ವ್ಯತ್ಯಾಸ ಅಷ್ಟೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ನಮ್ಮ ಹಿರಿಯರ ಮಾತು. ಹವಳದ ದ್ವೀಪದಲ್ಲಿ ಹಾಸಿಗೆಯ ಅಳತೆಯನ್ನು ಬೇಸಿಗೆಯ ಬಾವಿಯೇ ಹೇಳುತ್ತದೆ. ಈ ಸಲ ಏಪ್ರಿಲಿನಲ್ಲಿ ನಿಮ್ಮ ಬಾವಿಗೂ ಒಂದು ಅಳತೆ ಕೋಲು ಇಳಿಸಿ ನೋಡಿರಿ. ನೀರು ಎಷ್ಟಿದೆಯೆಂದು ಬರೆದಿಟ್ಟುಕೊಂಡು, ಅದಕ್ಕೆ ತಕ್ಕಂತೆ ಮುಂದಿನ ಬೆಳೆಯನ್ನು ನಿಶ್ಚಯಿಸಿರಿ.